ಕಿಯಾಪೊದ ಕೈವಸ್ತ್ರ

ಡೆಸ್ ಪ್ಲೇನ್ಸ್‌ನಲ್ಲಿ ನಮ್ಮ ಪಕ್ಕದ ಮನೆಯವರು ಮನಿಲಾದವರು. ಆ ಮನೆಯ ಯಜಮಾನರಿಗೆ ಮರುದಿನ ಬೆಳಿಗ್ಗೆ ಹೃದಯದ ಶಸ್ತ್ರಚಿಕಿತ್ಸೆ. ಅವರು ಬೇಡಿದ್ದು ಒಂದೇ. ತಾವು ಹುಟ್ಟಿ ಬೆಳೆದ ಕಿಯಾಪೊ ಪೇಟೆಯ ಇಗರ್ಜಿಯಲ್ಲಿ ಶಿಲುಬೆ ಹೊತ್ತ ಕಪ್ಪು ಯೇಸುವಿನ ವಿಗ್ರಹವಿದೆ. ಅದಕ್ಕೆ ಒರೆಸಿದ ಕೈವಸ್ತ್ರ ತಮ್ಮ ದಿಂಬಿನ ಕೆಳಗೆ ಇರಬೇಕು. ಅದನ್ನು ತೆಗೆದುಕೊಂಡು ಅವರ ಅಕ್ಕ ಮನಿಲಾದಿಂದ ಹೊರಟಿದ್ದರು.

ಮನೆಯವರೆಲ್ಲ ಆಸ್ಪತ್ರೆಯಲ್ಲಿದ್ದುದರಿಂದ ವಿಮಾನ ನಿಲ್ದಾಣಕ್ಕೆ ನಾನು ಹೋದೆ. ವಿಮಾನ ಇಳಿಯುವ ಮೊದಲೇ ಹೋಗಿ ನಿಲ್ಲುವುದು ನನ್ನ ಪದ್ಧತಿ.

ಅಕ್ಕ ಕಾರಿನಲ್ಲಿ ಕೂತ ಕೂಡಲೇ ಆ ಪೇಟೆಯ ಹೆಸರಿನ ಅರ್ಥ ವಿಚಾರಿಸಿದೆ. ಕಿಯಾಪೊ ಎಂದರೆ ನದಿಯ ಮೇಲೆ ತೇಲುವ ಒಂದು ಗಿಡವಂತೆ. ಪುಟ್ಟ ಎಲೆಕೋಸಿನ ಹಾಗೆ ಬೆರಳು ಅರಳಿಸಿ ತೋರಿಸಿದರು. ನಮ್ಮ ಕೆರೆಗಳ ಅಂತರಗಂಗೆ! ವಿಗ್ರಹ ಸ್ಪೇನಿನವರ ಆಳ್ವಿಕೆಯಲ್ಲಿ ಮೆಕ್ಸಿಕೊದಿಂದ ಹಡಗಿನಲ್ಲಿ ಬಂದದ್ದು. ಹಡಗಿಗೆ ಬೆಂಕಿ ಬಿದ್ದು ಕಪ್ಪಾಯಿತೆಂದು ಕೆಲವರು, ಮರವೇ ಕಪ್ಪೆಂದು ಕೆಲವರು.

"ನೀವೇನು ಹೇಳುತ್ತೀರಿ?"

"ನಮ್ಮ ಬಣ್ಣದವನು. ಅಷ್ಟು ಸಾಕು."

ಅಲ್ಲಿ ಇಗರ್ಜಿಯ ಬಾಗಿಲಲ್ಲೇ ನಾರುಬೇರು, ತಾಯಿತ ಮಾರುವವರು, ಶಾಸ್ತ್ರ ಹೇಳುವವರು ಕೂತಿರುತ್ತಾರಂತೆ. ಒಳಗೆ ಪಾದ್ರಿಗಳು ಇದನ್ನೆಲ್ಲ ನಂಬಬೇಡಿ ಎಂದು ಬೈಯುತ್ತಾರೆ, ಬೈಸಿಕೊಂಡವರೇ ಹೊರಗೆ ಬಂದು ಕೈ ತೋರಿಸುತ್ತಾರೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಚಿನ್ನದ ಬಣ್ಣದ ಗುಮ್ಮಟದ ಮಸೀದಿ. ನನಗೆ ಇನ್ನೂ ಕೇಳಬೇಕಿತ್ತು, ಅಷ್ಟರಲ್ಲಿ ನಮ್ಮ ಮನೆ ಬಂತು.

ಅವರು ಸ್ನಾನಕ್ಕೆ ಹೋದರು. ಪ್ರಯಾಣದ ಬಟ್ಟೆ ಕುರ್ಚಿಯ ಮೇಲಿತ್ತು, ಕೈವಸ್ತ್ರ ಅದರೊಳಗಿತ್ತು. ವಿಮಾನದಿಂದ ಇಳಿದವರ ಬಟ್ಟೆ ನಮ್ಮಲ್ಲಿ ನೇರ ಮೆಷಿನ್ನಿಗೆ. ಬಂದವರು ಮಗಳಾಗಲಿ, ಅತಿಥಿಯಾಗಲಿ, ನನ್ನ ಹೆಂಡತಿಯ ಮಡಿಗೆ ಭೇದವಿಲ್ಲ.

ಅಕ್ಕ ಹೊರಗೆ ಬಂದು ಕುರ್ಚಿ ನೋಡಿದರು. "ಬಿಳಿ ಕೈವಸ್ತ್ರ ಇಲ್ಲಿತ್ತಲ್ಲ?"

ಒಳಗೆ ಮೆಷಿನ್ ಗರಗರ ತಿರುಗುತ್ತಿತ್ತು.

"ರೀ, ಎಂಥ ಕೆಲಸ ಮಾಡ್ಬಿಟ್ಟೆ! ದೇವರ ಪ್ರಸಾದಾನ ಸೋಪ್ ಹಾಕಿ ತೊಳೆದ ಹಾಗಾಯ್ತಲ್ಲ!"

"ಸ್ಟಾಪ್ ಮಾಡು ಮೊದಲು."

"ಇನ್ನೇನ್ ಸ್ಟಾಪ್ ಮಾಡೋದು, ಎಲ್ಲಾ ಹೋಯ್ತು!"

ಅಕ್ಕ ಫೋನ್ ಕೈಗೆತ್ತಿಕೊಂಡರು. ಈ ಕಡೆ ಇರುವ ಪರಿಚಯದವರೊಬ್ಬರಿಗೆ ಕರೆ ಮಾಡಿದರು. ಡೌನರ್ಸ್ ಗ್ರೋವ್ ಎಂಬ ಊರು ದಾಟಿ ಒಂದು ಇಗರ್ಜಿಯಲ್ಲಿ ಅವರ ಊರಿನವರು ಆ ವಿಗ್ರಹದ ಪ್ರತಿಕೃತಿ ಇಟ್ಟಿದ್ದಾರೆಂದು ತಿಳಿಯಿತು. ಕೈವಸ್ತ್ರ ಒಣಗಿಸಿಕೊಂಡು ಹೊರಟೆವು.

ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. "ನಮ್ಮಲ್ಲಿ ಮೂಲ ವಿಗ್ರಹ ಬೇರೆ, ಉತ್ಸವಮೂರ್ತಿ ಬೇರೆ. ಪ್ರತಿಕೃತಿಗೆ ಮುಟ್ಟಿಸಿದರೆ ಅದೇ ಫಲವೇ?"

"ರೀ, ಸುಮ್ನೆ ಡ್ರೈವ್ ಮಾಡಿ," ಎಂದಳು ಹೆಂಡತಿ.

ಅಕ್ಕ ಮೊದಲ ಸಲ ನಕ್ಕರು. "ಕಿಯಾಪೊದಲ್ಲೇ ಹಳೆಯ ತಲೆಗೆ ಹೊಸ ಮೈ ಜೋಡಿಸಿ ಪೀಠದ ಮೇಲಿಟ್ಟರು. ಹೊಸ ತಲೆ ಜೋಡಿಸಿದ ಹಳೆಯ ಮೈ ಮೆರವಣಿಗೆಗೆ ಹೋಗುತ್ತದೆ. ಜನ ಎರಡಕ್ಕೂ ಒರೆಸುತ್ತಾರೆ. ಯಾವುದು ಮೂಲ, ನೀವೇ ಹೇಳಿ."

ನಾನು ರಸ್ತೆ ನೋಡಿಕೊಂಡು ಕಾರು ಓಡಿಸಿದೆ.

ಇಗರ್ಜಿಯ ಬಾಗಿಲಲ್ಲಿ ನನ್ನ ಹೆಂಡತಿ ಯಾರೂ ಹೇಳದೆ ಬೂಟು ಕಳಚಿದಳು. ಕಿಯಾಪೊದ ಮೆರವಣಿಗೆಯಲ್ಲೂ ಜನ ಬರಿಗಾಲಲ್ಲೇ ನಡೆಯುತ್ತಾರೆಂದು ಅಕ್ಕ ತಾವೂ ಕಳಚಿದರು. ವಿಗ್ರಹದ ಎದುರು ಕೈವಸ್ತ್ರವನ್ನು ಇವಳಿಗೇ ಕೊಟ್ಟರು. "ತೊಳೆದವಳು ನೀನು, ಒರೆಸುವವಳೂ ನೀನೇ."

ಇವಳು ಶಿಲುಬೆಗೆ, ಪಾದಕ್ಕೆ ಒರೆಸಿದಳು. ಅಭ್ಯಾಸದಂತೆ ಕಣ್ಣಿಗೂ ಒತ್ತಿಕೊಂಡಳು.

ಸಂಜೆ ಆಸ್ಪತ್ರೆಯಲ್ಲಿ ಯಜಮಾನರು ಅದನ್ನು ಮೂಗಿಗೆ ಹಿಡಿದು ಸೋಪಿನ ವಾಸನೆಗೆ ಹುಬ್ಬು ಗಂಟಿಕ್ಕಿದರು. "ಇದು ಕಿಯಾಪೊದ್ದೇ ತಾನೇ?"

ಇವಳು ನನ್ನ ತೋಳು ಹಿಡಿದುಕೊಂಡಳು. ಅಕ್ಕ ಮುಚ್ಚಿಡಲಿಲ್ಲ. ಅಲ್ಲಿ ಒರೆಸಿದ್ದು, ಇಲ್ಲಿ ಒಗೆದದ್ದು, ಮತ್ತೆ ಒರೆಸಿದ್ದು, ಎಲ್ಲವನ್ನೂ ಹೇಳಿದರು.

ರೋಗಿ ಮೂವರನ್ನೂ ನೋಡಿದರು. "ಹಾಗಾದರೆ ಇದಕ್ಕೆ ಎರಡು ಊರಿನ ಆಶೀರ್ವಾದ ಆಗಿದೆ," ಎಂದು ಕೈವಸ್ತ್ರವನ್ನು ಮಡಚಿ ದಿಂಬಿನ ಕೆಳಗೆ ತಾವೇ ತಳ್ಳಿಕೊಂಡರು.