ಮೀರಾಬಿ ತಿದ್ದಿದ ಪ್ರೋಗ್ರಾಮು

ಮೀರಾಬಿ ಬಳ್ಳಾರಿಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಲ್ಯಾಬ್ ಅಟೆಂಡರ್. ಹದಿನಾಲ್ಕು ವರ್ಷ ಮೇಜು ಒರೆಸಿ, ವೈರು ಜೋಡಿಸಿ ಕೊಡುತ್ತ, ಅದೇ ಪಾಠವನ್ನು ಪ್ರತಿ ವರ್ಷ ಕೇಳಿಸಿಕೊಂಡು, ಪ್ರೋಗ್ರಾಮು ಬರೆಯುವುದನ್ನು ತಾನೇ ಕಲಿತಿದ್ದಳು. ಸತ್ಯನಾರಾಯಣಪೇಟೆಯ ಮನೆಯಲ್ಲಿ ಗಂಡ ಖಾಜಾಮಿಯಾ ಮೋಟರ್ ಕಾಯಿಲ್ ಸುತ್ತುತ್ತಿದ್ದ. ಮೋಟರುಗಳ ಗುಣ ಅವಳಿಗೆ ತಿಳಿದದ್ದು ಅಲ್ಲಿಂದ.

ಕಾಲೇಜಿನ ವಿದ್ಯಾರ್ಥಿಗಳು ಒಂದು ಡಬ್ಬಿ ತಯಾರಿಸಿದ್ದರು. ರೈತ ಮನೆಯಿಂದ ಮಿಸ್ಡ್ ಕಾಲ್ ಕೊಟ್ಟರೆ ಸಾಕು, ಹೊಲದ ಮೋಟರ್ ಶುರುವಾಗುತ್ತಿತ್ತು. ಅದರೊಳಗಿನ ಪ್ರೋಗ್ರಾಮನ್ನು ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಇಂಟರ್‌ನೆಟ್ಟಿನಲ್ಲಿ ಬಿಟ್ಟಿದ್ದರು. ಸಿರುಗುಪ್ಪ, ಕುರುಗೋಡು ಕಡೆ ಅರವತ್ತು ಡಬ್ಬಿಗಳಿದ್ದವು. ಅಷ್ಟರಲ್ಲಿ ಮೈನಿಂಗ್ ಜೋರಾಗಿ, ಬರೆದವರೆಲ್ಲ ಗಣಿ ಕೆಲಸಗಳಿಗೆ ಹೋದರು. ಆಮೇಲೆ ಬಂದವರು ತಮಗೆ ತಿಳಿದಂತೆ ತೇಪೆ ಹಾಕಿದರು. ೨೦೦೭ರ ಹೊತ್ತಿಗೆ ಡಬ್ಬಿಗಳು ನಡುವೆಯೇ ನಿಂತುಬಿಡುತ್ತಿದ್ದವು. ರೈತ ಗದ್ದೆಗೆ ಹೋಗಿ ಆಫ್ ಮಾಡಿ ಆನ್ ಮಾಡಬೇಕು.

ಲೆಕ್ಚರರ್ ಚನ್ನಬಸವರಾಜ ಬುದ್ಧಿವಂತ, ಒಳ್ಳೆಯವನು. ಆ ಪ್ರೋಗ್ರಾಮು ನೋಡಿ ತಲೆ ಹಿಡಿದುಕೊಂಡ.

"ಇದನ್ನ ಕಿತ್ತೊಗದು ಹೊಸಾದು ಬರಿಯೂಣು. ಮೂರು ತಿಂಗಳು ಸಾಕು."

"ಒಗೀಬ್ಯಾಡ್ರಿ ಸರ್," ಎಂದಳು ಮೀರಾಬಿ. "ಕೊಳಕು ಐತಿ, ಖರೇ. ಆದ್ರ ಐದು ವರ್ಷ ಹೊಲದಾಗ ನಿಂತೈತಿ. ಒಂದೊಂದ ಸರಿ ಮಾಡ್ಕೋತ ಹೋಗೂಣು."

"ನೀವು ಬೇಕಂದ್ರ ಹಳೇದು ನೋಡ್ರಿ ಮೀರಾಬಿ. ನಾ ಹೊಸಾದು ಬರೀತೀನಿ."

ಅಟೆಂಡರ್ ಪ್ರೋಗ್ರಾಮು ತಿದ್ದುತ್ತಾಳಂತೆ ಎಂದು ಸ್ಟಾಫ್ ರೂಮಿನಲ್ಲಿ ನಕ್ಕರು. ಅವಳಿಗೆ ನೋವಾಯಿತು. ಮರುದಿನವೇ ಮೇಜಿನ ಮೇಲೆ ಡಬ್ಬಿಗಳಿಗೆ ಮೋಟರುಗಳ ಬದಲು ಆರು ಬಲ್ಬು ಜೋಡಿಸಿ ಪರೀಕ್ಷಿಸಲು ಕೂತಳು.

ಎರಡು ವಾರಕ್ಕೆ ಮೊದಲ ರೋಗ ಸಿಕ್ಕಿತು. ಒಳಗಿನ ಫೋನ್ ಭಾಗ ಉತ್ತರ ಕೊಡದಿದ್ದರೆ ಪ್ರೋಗ್ರಾಮು ಕೊನೆಯಿಲ್ಲದೆ ಕಾಯುತ್ತ ಕೂರುತ್ತಿತ್ತು. ಇಪ್ಪತ್ತು ಸೆಕೆಂಡು ಕಾದು ಆ ಭಾಗವನ್ನು ತಾನಾಗಿ ಮತ್ತೆ ಶುರುಮಾಡುವಂತೆ ಬರೆದಳು. ಬೇರೇನೂ ಮುಟ್ಟಲಿಲ್ಲ. ಭಾನುವಾರ ಬಸ್ಸು ಹತ್ತಿ ದೇಶನೂರಿಗೆ ಹೋಗಿ, ಭತ್ತದ ರೈತ ಮರಿಬಸಪ್ಪನ ಡಬ್ಬಿಗೆ ಹಾಕಿದಳು. ಅಲ್ಲಿ ಹದಿನೈದು ದಿನ ಸರಿಯಾಗಿ ನಡೆದ ಮೇಲೆಯೇ ಉಳಿದ ಡಬ್ಬಿಗಳಿಗೆ. ಮುಂದಿನ ತಪ್ಪಿಗೂ ಹಾಗೆಯೇ, ಅದರ ಮುಂದಿನದಕ್ಕೂ ಹಾಗೆಯೇ.

ಚನ್ನಬಸವರಾಜನ ಮೂರು ತಿಂಗಳು ಎಂಟಾಯಿತು. ಹೊಸ ಪ್ರೋಗ್ರಾಮು ಓದಲು ಚೆಂದವಿತ್ತು, ಮೇಜಿನ ಮೇಲೆ ಒಮ್ಮೆಯೂ ತಪ್ಪಲಿಲ್ಲ. ಕುರುಗೋಡಿನಲ್ಲಿ ಒಂದೇ ಲೈನಿನ ಒಂಬತ್ತು ಹೊಲಗಳಿಗೆ ಹಾಕಿದರು. ರೈತರು ರಾತ್ರಿಯೇ ಮಿಸ್ಡ್ ಕಾಲ್ ಕೊಟ್ಟಿಟ್ಟಿದ್ದರು. ಬೆಳಿಗ್ಗೆ ಕರೆಂಟು ಬಂದದ್ದೇ ತಡ, ಒಂಬತ್ತೂ ಮೋಟರು ಒಟ್ಟಿಗೆ ಎದ್ದವು. ಟ್ರಾನ್ಸ್‌ಫಾರ್ಮರಿನ ಫ್ಯೂಸು ಹಾರಿಹೋಯಿತು. ಹಾಕಿದರೆ ಮತ್ತೆ ಹಾರಿತು.

ಅವನು ಬಾಡಿದ ಮುಖದಲ್ಲಿ ಲ್ಯಾಬಿಗೆ ಬಂದ. "ಹಳೇದ್ರಾಗ ಹಿಂಗ ಯಾಕ ಆಗ್ತಿರಲಿಲ್ಲ?"

ಮೀರಾಬಿ ಹಳೆಯ ಪ್ರೋಗ್ರಾಮಿನ ಒಂದು ಸಾಲು ತೋರಿಸಿದಳು. ಡಬ್ಬಿಯ ನಂಬರಿನ ಕೊನೆಯ ಅಂಕಿಯನ್ನು ಐದರಿಂದ ಗುಣಿಸಿ ಅಷ್ಟು ಸೆಕೆಂಡು ಕಾದು ಮೋಟರ್ ಶುರುಮಾಡಬೇಕು ಎಂದಿತ್ತು. ಯಾಕೆಂದು ಯಾರೂ ಬರೆದಿರಲಿಲ್ಲ.

"ಇದು ಕೆಲಸಕ್ಕ ಬಾರದ್ದು ಅಂತ ಬಿಟ್ಟೆ," ಎಂದ ಅವನು ಮೆಲ್ಲಗೆ.

"ಐದು ವರ್ಷದ ಹಿಂದ ರೂಪನಗುಡಿಯಾಗ ಹಿಂಗ ಫ್ಯೂಸ್ ಹಾರಿತ್ತು ಸರ್. ಅದಕ್ಕ ಒಬ್ಬ ಹುಡುಗ ಇದನ್ನ ಸೇರ್ಸಿದ. ಒಂದರ ಹಿಂದ ಒಂದು ಏಳ್ಲಿ ಅಂತ. ನಾನ ಅವ್ನಿಗೆ ವೈರ್ ಹಿಡ್ದಿದ್ದೆ."

ಚನ್ನಬಸವರಾಜ ಆ ಸಾಲನ್ನು ಮತ್ತೊಮ್ಮೆ ಓದಿದ. ಆಮೇಲೆ ಕುರ್ಚಿ ಎಳೆದು ಅವಳ ಪಕ್ಕ ಕೂತ. "ನನ್ನದ್ರಾಗ ಮಿಸ್ಡ್ ಕಾಲ್ ಗುರ್ತಿಸೂ ಭಾಗ ಚಲೋ ಐತಿ. ಅದನ್ನ ನಿಮ್ಮದಕ್ಕ ಸೇರ್ಸೂಣೇನು?"

"ಸೇರ್ಸೂಣ್ರಿ. ಅದೊಂದ, ಮೊದ್ಲು."

ಹೀಗೆ ಇಬ್ಬರೂ ಸೇರಿ ಆ ವರ್ಷವೆಲ್ಲ ಒಂದೊಂದೇ ಭಾಗ ಬದಲಿಸಿದರು. ಡಬ್ಬಿಗಳು ಒಂದು ದಿನವೂ ಕೆಲಸ ಬಿಡಲಿಲ್ಲ. ಹೊಸ ಆವೃತ್ತಿ ಇಂಟರ್‌ನೆಟ್ಟಿಗೆ ಏರಿಸುವಾಗ ಬರೆದವರ ಪಟ್ಟಿಯಲ್ಲಿ ಮೊದಲ ಹೆಸರು ಮೀರಾಬಿ, ಹಾಕಿದವನು ಚನ್ನಬಸವರಾಜ. ತಿಂಗಳೊಳಗೆ ಫಿಲಿಪೈನ್ಸಿನ ಒಬ್ಬ ಭತ್ತದ ರೈತನಿಂದ ಇಂಗ್ಲಿಷಿನಲ್ಲಿ ಪತ್ರ ಬಂತು. ತನ್ನ ಊರಿನಲ್ಲಿ ಹನ್ನೊಂದು ಮೋಟರು ಇದರಿಂದಲೇ ನಡೆಯುತ್ತಿವೆ ಎಂದಿದ್ದ. ಖಾಜಾಮಿಯಾ ಅದನ್ನು ಓಣಿಯಲ್ಲಿ ಸಿಕ್ಕವರಿಗೆಲ್ಲ ಓದಿಸಿದ.

ಜೂನಿನಲ್ಲಿ ಪ್ರಿನ್ಸಿಪಾಲರು ಕರೆದು, ಅಂತಿಮ ವರ್ಷದವರಿಗೆ ವಾರಕ್ಕೆರಡು ಕ್ಲಾಸು ನೀವೇ ತೆಗೆದುಕೊಳ್ಳಿ ಎಂದರು. ಮೊದಲ ದಿನ ಅವಳು ಒಳಗೆ ಕಾಲಿಟ್ಟಾಗ ನಲವತ್ತು ಮಂದಿ ಎದ್ದು ನಿಂತರು. ಅಭ್ಯಾಸಬಲದಿಂದ ಮೀರಾಬಿ ಹಿಂತಿರುಗಿ ನೋಡಿದಳು, ಸರ್ ಯಾರಾದರೂ ಬಂದರೇನೋ ಎಂದು. ಹಿಂದೆ ಯಾರೂ ಇರಲಿಲ್ಲ.

"ಕೂಡ್ರಿ," ಎಂದಳು, ಮುಖದ ತುಂಬ ನಗುತ್ತ.