ಬಾಳಿಕೆ ಬರುವ ತಂತಿ

ಬಾಸ್ ಗಿಟಾರಿಗೆ ಇರೋದು ನಾಲ್ಕೇ ತಂತಿ. ನಾಲ್ಕೇ ಅಂತ ಹಗುರವಾಗಿ ಹೇಳೋರು ಅದನ್ನ ಹೊತ್ತುಕೊಂಡು ಬಸ್ಸು ಹತ್ತಿದವರಲ್ಲ. ಎಪ್ಪತ್ತರ ದಶಕದ ಕೊನೆಯಿಂದ ಹತ್ತಿರ ಹತ್ತಿರ ಹತ್ತು ವರ್ಷ ನಾನು ಆ ನಾಲ್ಕು ತಂತಿಗಳ ಚಾಕರಿ ಮಾಡಿದೆ. ಕಡೂರಿನಲ್ಲಿ ನನ್ನದು ಸೈಕಲ್ ಶಾಪು. ಹಗಲೆಲ್ಲ ಪಂಕ್ಚರ್ ಹಾಕೋದು, ಸಂಜೆ ಕಾರ್ಯಕ್ರಮ ಇದ್ದರೆ ಕೈಗೆ ಮೆತ್ತಿದ ಗ್ರೀಸನ್ನು ಸೀಮೆಎಣ್ಣೇಲಿ ಒರೆಸಿಕೊಂಡು ತರೀಕೆರೆ ಬಸ್ಸಿಗೆ ಓಡೋದು. ಶುರುವಿನಲ್ಲಿ ಖುಷಿ ಇತ್ತು, ಸುಳ್ಳು ಯಾಕೆ ಹೇಳಲಿ. ಆಮೇಲಾಮೇಲೆ ಭಾವನ ಮುಖ ನೋಡಿಕೊಂಡು ಮಾಡಿದೆ.

ಭಾವ ಅಂದರೆ ನನ್ನ ಅಕ್ಕನ ಗಂಡ. ತರೀಕೆರೇಲಿ ಹಿಟ್ಟಿನ ಮಿಷನ್ ಇಟ್ಟಿದ್ದರು. ಬೆಳಗಿಂದ ಸಂಜೆವರೆಗೆ ರಾಗಿ, ಅಕ್ಕಿ, ಮೆಣಸಿನಕಾಯಿ ಬೀಸಿ ಬೀಸಿ ರೆಪ್ಪೆ ಕೂದಲಿಗೂ ಹಿಟ್ಟು ಹತ್ತಿರೋದು. ಆದರೆ ಸುತ್ತಮುತ್ತಲ ಊರಿಗೆಲ್ಲ ಅವರು ಗೊತ್ತಿದ್ದದ್ದು ಹಾಡುಗಾರರು ಅಂತ. ಆರತಕ್ಷತೆ, ಗಣಪತಿ ಪೆಂಡಾಲು, ರಾಜ್ಯೋತ್ಸವ, ಎಲ್ಲಿ ಕರೆದರೂ ನಮ್ಮ ಆರ್ಕೆಸ್ಟ್ರಾ ಹೋಗೋದು. ಆರ್ಕೆಸ್ಟ್ರಾ ಅಂದರೆ ಹಾಡೋಕೆ ಭಾವ, ಒಬ್ಬ ಅಕಾರ್ಡಿಯನ್, ಒಬ್ಬ ತಬಲಾ, ಮೂಲೇಲಿ ನಾನು. ಭಾವನಿಗೆ ಹಾಡು ಬಿಟ್ಟರೆ ಬೇರೆ ಚಟ ಇರಲಿಲ್ಲ. ಸ್ನಾನ ಮಾಡುವಾಗ, ಮಿಷನ್ನಿನ ಬೆಲ್ಟು ಬಿಗಿ ಮಾಡುವಾಗ, ಅಕ್ಕನ ಕೈಲಿ ಬೈಸಿಕೊಳ್ಳುವಾಗ ಕೂಡ ಗುನುಗುತ್ತಿದ್ದರು.

ಅವರು ವೇದಿಕೆ ಮೇಲೆ ಚಪ್ಪಲಿ ಹಾಕುತ್ತಿರಲಿಲ್ಲ. "ಶಾರದೆ ಇರೋ ಜಾಗ ಕಣೋ," ಅನ್ನೋರು. ಬರಿಗಾಲಲ್ಲಿ ಬಂದು, ನನ್ನ ಬಾಸಿನ ಸ್ಪೀಕರ್ ಬಾಕ್ಸಿಗೆ ಒಂದು ಹಿಮ್ಮಡಿ ಒತ್ತಿಕೊಂಡು ನಿಂತರೆ ಮುಗೀತು, ಕಾರ್ಯಕ್ರಮ ಮುಗಿಯೋವರೆಗೂ ಅಲ್ಲಿಂದ ಕದಲುತ್ತಿರಲಿಲ್ಲ. ನನಗೆ ರೇಗೋದು. "ಭಾವ, ಅಷ್ಟು ದೊಡ್ಡ ವೇದಿಕೆ ಇದೆ, ಒಂಚೂರು ಆಚೆ ನಿಂತ್ಕೊಳ್ಳಿ. ನಾನು ಇದೀನಿ ಅಂತ ಜನಕ್ಕೆ ಗೊತ್ತಾಗ್ಲಿ," ಅಂತ ಕೈಸನ್ನೆ ಮಾಡಿ ಹೇಳಿದರೆ, "ನಿನ್ನ ನೋಡಿ ಜನ ಏನಪ್ಪಾ ಮಾಡ್ಬೇಕು, ಹೆಣ್ಣು ಕೊಡ್ತಾರಾ?" ಅಂತ ನಗೋರು. ನಾನು ಹಲ್ಲು ಕಡಿದುಕೊಂಡು ಬಾರಿಸುತ್ತಿದ್ದೆ.

ನನ್ನ ಸಿಟ್ಟೆಲ್ಲ ನಿಜಕ್ಕೂ ತಂತಿಯ ಮೇಲೆ. ಹೊಸದರಲ್ಲಿ ಬಾಸಿನ ತಂತಿ ಗುಂಯ್ ಅನ್ನುತ್ತೆ, ಮೀಟಿ ಬಿಟ್ಟರೆ ಎದೆಯೊಳಗೆ ಸುಮಾರು ಹೊತ್ತು ನಿಲ್ಲುತ್ತೆ. ನಮ್ಮದು ಒಂದೆರಡು ತಿಂಗಳಲ್ಲೇ ದಬ್ ಅನ್ನೋಕೆ ಶುರುವಾಗೋದು. ಕಾರಣ ಹಿಟ್ಟು. ಗಿಟಾರು, ಬಾಕ್ಸು ಎಲ್ಲ ಇಡುತ್ತಿದ್ದದ್ದು ಮಿಷನ್ನಿನ ಹಿಂದಿನ ಕೋಣೇಲಿ. ಈ ತಂತಿ ಅಂದರೆ ನಡುವೆ ಒಂದು ಉಕ್ಕಿನ ಎಳೆ, ಅದರ ಸುತ್ತ ಇನ್ನೊಂದು ಸಣ್ಣ ತಂತಿಯನ್ನ ಒತ್ತೊತ್ತಾಗಿ ಸುತ್ತಿರುತ್ತಾರೆ. ಆ ಸುತ್ತಿನ ಸಂದಿಗೆಲ್ಲ ರಾಗಿ ಹಿಟ್ಟು ಹೋಗಿ ಕೂತುಕೊಳ್ಳೋದು. ಮೇಲೆ ನನ್ನ ಬೆವರು. ಹಿಟ್ಟಿಗೆ ನೀರು ಬಿದ್ದರೆ ಏನಾಗುತ್ತೆ? ಅಂಬಲಿ. ಅಂಬಲಿ ಮೆತ್ತಿದ ತಂತಿ ಹೇಗೆ ನುಡಿಯುತ್ತೆ ಅಂತ ಯಾರೂ ನನ್ನ ಕೇಳಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರೆ. ನಮಗೆ ಹಿಟ್ಟು ಹೆಚ್ಚಾಗಿ ಜುಟ್ಟು ಹಾಳಾಗಿತ್ತು.

ಹೊಸ ತಂತಿಗೆ ಬೆಂಗಳೂರಿಗೇ ಹೋಗಬೇಕು. ಶಾಪು ಮುಚ್ಚಿ ಹೋಗೋಕೆ ನನಗೆ ಪುರಸೊತ್ತಿಲ್ಲ. ಹಾಗಾಗಿ ಬಾಳಿಕೆ ಬರೋ ತಂತಿ ಯಾವುದು ಅಂತ ನಾನೇ ಹುಡುಕಾಡಿದೆ. ದಪ್ಪ ತಂತಿಯ ಜಾಗಕ್ಕೆ ಸೈಕಲ್ಲಿನ ಬ್ರೇಕ್ ವೈರು ಕಟ್ಟಿ ನೋಡಿದೆ. ಬಾಳಿಕೆ ಅಂದರೆ ಬಾಳಿಕೆ, ನನ್ನ ಮೊಮ್ಮಕ್ಕಳ ಕಾಲಕ್ಕೂ ಬರುತ್ತಿತ್ತು. ಅದರ ಸದ್ದು ಕೇಳಿ ತಬಲಾದವನು, "ಮೊದಲು ಇದಕ್ಕೆ ಬ್ರೇಕ್ ಹಾಕ್ರಪ್ಪಾ," ಅಂದ. ಕಡೂರಿನವನು ನಾನು, ನಮ್ಮಲ್ಲಿ ಎಲ್ಲ ರೋಗಕ್ಕೂ ಕೊಬ್ಬರಿ ಎಣ್ಣೆ, ಅದನ್ನೂ ಸವರಿ ನೋಡಿದೆ. ಬೆರಳು ಜಾರಿ ಎಲ್ಲೋ ಹೋಯ್ತು. ಕೊನೆಗೆ ದಾವಣಗೆರೆಯ ಒಬ್ಬ ಹಳೇ ಗಿಟಾರಿನವರು ಹೇಳಿಕೊಟ್ಟರು: ತಂತಿ ಬಿಚ್ಚಿ ನೀರಲ್ಲಿ ಕುದಿಸು, ಕೊಳೆ ಬಿಡುತ್ತೆ, ಒಣಗಿಸಿ ಮತ್ತೆ ಕಟ್ಟು. ನಿಜ, ಜೀವ ಬರೋದು. ಮತ್ತೆ ಕೆಲವು ವಾರಕ್ಕೆ ಹೋಗೋದು. ಮತ್ತೆ ಕುದಿಸೋದು. ಅಕ್ಕನ ಬಚ್ಚಲಿನ ಹಂಡೇನೇ ನನ್ನ ಕಾರ್ಖಾನೆ. "ಇದೇನೋ ಇದು, ಹಾವು ಬೇಯಿಸ್ತಿದ್ದೀಯ," ಅಂತ ಅವಳು ಮೂಗು ಮುಚ್ಚಿಕೊಳ್ಳೋಳು. ಕಟ್ಟಿ, ಬಿಚ್ಚಿ, ಕುದಿಸಿ, ಕಟ್ಟಿ ನನಗೆ ಸಾಕುಸಾಕಾಗಿತ್ತು.

ಒಂದು ಸಲ ಅಜ್ಜಂಪುರದಲ್ಲಿ ಮದುವೆ ಕಾರ್ಯಕ್ರಮ ಒಪ್ಪಿಕೊಂಡೆವು. ಅದರ ಹಿಂದಿನ ವಾರ ತಂತಿ ಬಿಚ್ಚಿ ಅಕ್ಕನ ಕೈಗೆ ಕೊಟ್ಟು, "ಈ ಸಲ ನೀನೇ ಕುದಿಸಿಡೇ, ಶಾಪಲ್ಲಿ ತಲೆ ಎತ್ತೋಕಾಗ್ತಿಲ್ಲ," ಅಂದು ಬಂದೆ. ಕಾರ್ಯಕ್ರಮದ ದಿನ ಹೋಗಿ ನೋಡಿದರೆ ತಂತಿಗಳು ಹಬ್ಬದ ದಿನದ ದೇವರ ಪಾತ್ರೆ ಹಾಗೆ ಫಳಫಳ ಅಂತಿದ್ದವು. "ಏನ್ ಮಾಡ್ದೆ?" ಅಂದೆ. "ಕುದಿಸ್ದೆ, ಇನ್ನೇನು," ಅಂತ ಒಳಗೆ ಹೋದಳು. ಕಟ್ಟುವಾಗ ಬೆರಳಿಗೆ ಒಂಥರಾ ತರಿತರಿ ಅನ್ನಿಸಿತು. ಬಸ್ಸಿಗೆ ಹೊತ್ತಾಗಿತ್ತು, ವಿಚಾರಿಸೋ ತಾಳ್ಮೆ ಇರಲಿಲ್ಲ.

ಅಜ್ಜಂಪುರದಲ್ಲಿ ಖಾಲಿ ಎಣ್ಣೆ ಡ್ರಮ್ಮುಗಳ ಮೇಲೆ ಹಲಗೆ ಹಾಸಿ ವೇದಿಕೆ ಮಾಡಿದ್ದರು. ಮೊದಲ ಹಾಡು ಹೇಗೋ ಆಯ್ತು. ಎರಡನೇದರ ನಡುವೆ ದಪ್ಪ ತಂತಿ, ಅದನ್ನ ಬಿಗಿಯೋ ಬಿರಟೆಯ ಹತ್ತಿರ ಪಟ್ ಅಂತ ತುಂಡಾಗಿ ನನ್ನ ಮುಂಗೈಗೆ ಬಡಿಯಿತು. ಬಾಸಿನ ದಪ್ಪ ತಂತಿ ಹಾಗೆಲ್ಲ ಹರಿಯೋದಲ್ಲ. ಉಳಿದ ಮೂರರಲ್ಲೇ ಸಂಭಾಳಿಸೋಣ ಅಂತ ನೋಡಿದೆ, ಅವೂ ಸತ್ತ ಹಾಗಿದ್ದವು.

ಭಾವ ಹಾಡುತ್ತಲೇ ಇದ್ದರು. ಆದರೆ ಶ್ರುತಿ ಅವರ ಕೈಬಿಟ್ಟು ಹೋಗಿತ್ತು. ಮೇಲೆ ಹೋಗುತ್ತಾರೆ, ಕೆಳಗೆ ಬರುತ್ತಾರೆ, ಅಕಾರ್ಡಿಯನ್ನಿನವನು ಪಕ್ಕದಲ್ಲೇ ನಿಂತು ಜೋರಾಗಿ ಸ್ವರ ಹಿಡಿದು ಕರೆಯುತ್ತಾನೆ, ಇವರು ತಿರುಗಿಯೂ ನೋಡುವುದಿಲ್ಲ. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಗೋಕೆ ಶುರು ಮಾಡಿದರು. ಆ ನಗೋ ಮುಖಗಳನ್ನ ನೋಡಿ ಭಾವ ನಿಲ್ಲಿಸಿದರು. ನನ್ನ ಕಡೆ ತಿರುಗಿದರು. ಹಿಮ್ಮಡಿಯನ್ನ ಬಾಕ್ಸಿಗೆ ಒತ್ತಿದರು, ತೆಗೆದು ಮತ್ತೆ ಒತ್ತಿದರು, ಕತ್ತಲಲ್ಲಿ ಮೆಟ್ಟಿಲು ಹುಡುಕುವವರ ಹಾಗೆ. ಗಂಡಿನ ಕಡೆಯ ಹಿರಿಯರೊಬ್ಬರು, "ಹೋಗ್ಲಿ ಬಿಡ್ರಪ್ಪಾ, ಊಟಕ್ಕೆ ಏಳಿ," ಅಂದರು. ಕಾರ್ಯಕ್ರಮ ಅಲ್ಲಿಗೆ ಮುಗಿಯಿತು.

ಮಾರನೇ ದಿನ ಬೆಳಿಗ್ಗೆ ತುಂಡಾದ ತಂತಿ ಹಿಡಿದುಕೊಂಡು ಅಕ್ಕನ ಅಡುಗೆಮನೆಗೆ ನುಗ್ಗಿದೆ. ಒಳಗಿನ ಎಳೆಯೆಲ್ಲ ಕೆಂಪಗೆ ತುಕ್ಕು ಹಿಡಿದಿತ್ತು. "ಏನ್ ಹಾಕ್ದೆ ಹೇಳು ಇದಕ್ಕೆ," ಅಂದೆ.

"ಹುಣಸೆಹಣ್ಣು ಹಾಕಿ ತಿಕ್ಕಿದೆ ಕಣೋ," ಅಂದಳು. ಒಲೆ ಕಡೆಗೇ ನೋಡುತ್ತಿದ್ದಳು. "ದೇವರ ಮನೆ ಗಂಟೆ ಹುಣಸೆಹಣ್ಣಲ್ಲಿ ಬೆಳಗಿದ ಮೇಲೆ ಎಷ್ಟು ಚೆನ್ನಾಗಿ ನುಡಿಯುತ್ತೆ. ಇದೂ ಹಂಗೇ ಜೋರಾಗುತ್ತೆ ಅಂದ್ಕೊಂಡೆ."

"ನಿನಗೆ ಯಾರೇ ಹೇಳಿದ್ದು ಜೋರು ಮಾಡು ಅಂತ? ಜೋರಾಗಿ ಯಾರಿಗೆ ಬೇಕಿತ್ತು?"

"ಅವರಿಗೆ ಕಿವಿ ಕೇಳಲ್ಲ ಕಣೋ," ಅಂದಳು.

ಆಮೇಲೆ ಅಳುತ್ತಾ ಎಲ್ಲ ಹೇಳಿದಳು. ಮಿಷನ್ನಿನ ಸದ್ದು ವರ್ಷಗಳಿಂದ ಕಿವಿಯನ್ನ ತಿಂದುಹಾಕಿತ್ತು. ಹಿಟ್ಟು ಬೀಸೋ ಜಾಗದಲ್ಲಿ ಎಲ್ಲರೂ ಕೂಗಿಯೋ ಕೈಸನ್ನೆ ಮಾಡಿಯೋ ಮಾತಾಡೋದು, ಅದಕ್ಕೇ ಯಾರಿಗೂ ಗೊತ್ತಾಗಿರಲಿಲ್ಲ. ಬೆಲ್ಟು ಸಡಿಲವಾದರೆ ಅವರಿಗೆ ಅಂಗಾಲಿನಲ್ಲಿ ತಿಳಿಯುತ್ತಿತ್ತಂತೆ. ಹಾಡೂ ಹಾಗೇ. ಅಕಾರ್ಡಿಯನ್ ಅವರ ಪಾಲಿಗೆ ಎಂದೋ ಹೋಗಿತ್ತು. ನನ್ನ ದಪ್ಪ ತಂತಿಯ ಅದುರು ಬಾಕ್ಸಿನಿಂದ ಹಿಮ್ಮಡಿಗೆ ಬರುತ್ತಿತ್ತಲ್ಲ, ಅದೊಂದನ್ನ ಹಿಡಿದುಕೊಂಡು ಹಾಡುತ್ತಿದ್ದರು. "ಯಾರಿಗೂ ಹೇಳಬೇಡ ಅಂದಿದ್ರು. ಹಾಡೋದು ನಿಂತರೆ ಅವರು ಉಳಿಯಲ್ಲ ಕಣೋ. ನೀನು ಬೇಸರ ಮಾಡ್ಕೊಂಡು ಬಿಟ್ಟುಬಿಡಬೇಡ," ಅಂತ ನನ್ನ ಕೈ ಹಿಡಿದುಕೊಂಡಳು. ಆಚೆ ನಿಂತ್ಕೊಳ್ಳಿ ಅಂತ ನಾನು ರೇಗಿದ್ದೆಲ್ಲ ನೆನಪಾಯಿತು. ಅಕ್ಕನಿಗೆ ಇನ್ನೇನು ಬೈಯಲಿ?

ಶಾಪು ಮುಚ್ಚಿ ಬೆಂಗಳೂರಿಗೆ ಹೋದೆ. ಅಂಗಡಿಯವನು ಎರಡು ಥರದ ತಂತಿ ಮುಂದಿಟ್ಟ. ಒಂದು ನಾನು ಮಾಮೂಲಾಗಿ ತರುತ್ತಿದ್ದದ್ದು, ದುಂಡು ತಂತಿ ಸುತ್ತಿದ್ದು, ಸದ್ದು ಝಣ್ ಅಂತ ಎದ್ದು ಬರುತ್ತೆ. ಇನ್ನೊಂದಕ್ಕೆ ತೆಳ್ಳನೆ ಪಟ್ಟಿ ಸುತ್ತಿದ್ದರು. ಬೆರಳಾಡಿಸಿದರೆ ನುಣ್ಣಗೆ, ಹಿಟ್ಟು ಕೂರೋಕೆ ಸಂದಿಯೇ ಇಲ್ಲ.

"ಪಟ್ಟಿದು ಹಳೇ ಕಾಲದ ಸದ್ದು ಸಾರ್, ಸ್ವಲ್ಪ ಮಂಕು," ಅಂದ. "ಈಗಿನವರು ಕೇಳಲ್ಲ. ಆದ್ರೆ ವರ್ಷಗಟ್ಟಲೆ ಬರುತ್ತೆ."

"ಎರಡೂ ಬಾರಿಸಿ ತೋರಿಸಿ," ಅಂದೆ. ಚಪ್ಪಲಿ ಬಿಟ್ಟು, ಅವನ ಸ್ಪೀಕರ್ ಬಾಕ್ಸಿಗೆ ಹಿಮ್ಮಡಿ ಒತ್ತಿ, ಎರಡು ಕಿವಿಗೂ ಬೆರಳು ತುರುಕಿಕೊಂಡು ನಿಂತೆ. ಅವನು ಅಂಗಡಿಯಲ್ಲಿದ್ದ ಬೇರೆಯವರ ಮುಖ ನೋಡಿದ. ಝಣ್ ಅನ್ನೋ ತಂತಿ ನನ್ನ ಕಾಲಿಗೆ ಅಷ್ಟಾಗಿ ಏನೂ ಹೇಳಲಿಲ್ಲ. ಪಟ್ಟಿ ಸುತ್ತಿದ್ದನ್ನ ಮೀಟಿದಾಗ ಹಿಮ್ಮಡಿಯಿಂದ ಮೊಣಕಾಲಿನವರೆಗೆ ನಿಧಾನವಾಗಿ ಹತ್ತಿ ಬಂತು. ಇನ್ನೊಂದು ಸಲ ಮೀಟಿಸಿದೆ. ಹೌದು, ಬಂತು.

"ಇದನ್ನೇ ಕಟ್ಟಿಕೊಡಿ," ಅಂದೆ.

ನಮ್ಮ ಅಕಾರ್ಡಿಯನ್ನಿನವನಿಗೆ ಆ ತಂತಿ ಒಂದು ದಿನವೂ ಇಷ್ಟವಾಗಲಿಲ್ಲ. "ಕಂಬಳಿ ಹೊದ್ದುಕೊಂಡು ಬಾರಿಸ್ದಂಗಿದೆ," ಅಂತ ಕಾರ್ಯಕ್ರಮಕ್ಕೊಂದು ಸಲ ಗೊಣಗೋನು. ಗೊಣಗಲಿ ಬಿಡು ಅಂತ ನಾನು ಅದನ್ನೇ ಬಾರಿಸುತ್ತಿದ್ದೆ. ಹೊಸ ತಂತಿ ಕಟ್ಟಿದ ಮೊದಲ ದಿನ ಭಾವ ಬಾಕ್ಸಿಗೆ ಹಿಮ್ಮಡಿ ಕೊಟ್ಟು ಒಂದು ಗಳಿಗೆ ಕಣ್ಣು ಮುಚ್ಚಿದರು. ಮುಗಿದ ಮೇಲೆ, "ತಂತಿ ಚೆನ್ನಾಗಿದೆ ಕಣೋ," ಅಂದರು. ಕಿವಿಯ ವಿಷಯ ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮುಂದೆ ಹೋದಲ್ಲೆಲ್ಲ ಬಾಕ್ಸನ್ನ ಅವರ ಕಾಲಿಗೆ ಸಿಗೋ ಹಾಗೆ ನಾನೇ ಇಡುತ್ತಿದ್ದೆ.

ಹಾಗೆ ಇನ್ನೂ ಕೆಲವು ವರ್ಷ ನಡೆಯಿತು. ಆಮೇಲೆ ಎಲ್ಲ ಕಡೆ ಕೀಬೋರ್ಡು ಬಂತು, ನಮ್ಮನ್ನ ಕರೆಯೋರು ಕಮ್ಮಿಯಾದರು. ಹಾಡಿನ ನಡುವೆ ಎಲ್ಲಿ ಎತ್ತಿಕೊಳ್ಳಬೇಕು ಅನ್ನೋದು ಭಾವನಿಗೆ ತಪ್ಪತೊಡಗಿತು. ಒಂದು ದಿನ ಅವರೇ, "ಸಾಕು ಕಣೋ," ಅಂದರು. ಉಸ್ಸಪ್ಪಾ ಅನ್ನಿಸಿತು ನನಗೆ. ಆ ಬಾಕ್ಸು ಹೊತ್ತು ಹೊತ್ತು ನನ್ನ ಹೆಗಲು ಬಿದ್ದುಹೋಗಿತ್ತು. ಆದರೆ ಭಾವ ಮನೆಯಲ್ಲೂ ಗುನುಗೋದು ಬಿಟ್ಟುಬಿಟ್ಟರು. ತಮ್ಮ ದನಿ ಎಲ್ಲಿದೆ ಅಂತ ಅವರಿಗೇ ಗೊತ್ತಾಗುತ್ತಿರಲಿಲ್ಲ. ಮಿಷನ್ನನ್ನ ಬೇರೆಯವರಿಗೆ ವಹಿಸಿ ಜಗಲಿ ಮೇಲೆ ಕೂತಿರೋರು. "ಊಟಕ್ಕೆ ಕರೆದ್ರೆ ಬತ್ತಾರೆ, ಇಲ್ದಿದ್ರೆ ಇಲ್ಲ. ಇದ್ದೂ ಇಲ್ಲದಂಗಿದಾರೆ ಕಣೋ," ಅಂತ ಅಕ್ಕ ಹೇಳಿಕೊಂಡು ಅತ್ತಳು.

ಬೀರೂರಿನ ಕೆಲವು ಕಾಲೇಜು ಹುಡುಗರು ಗಿಟಾರು ಬೇಕು ಅಂದಿದ್ದರು. ಯಾರಾದರೂ ಬಾರಿಸಲಿ ಅಂತ ಒಪ್ಪಿಕೊಂಡು, ಒಂದು ಮಧ್ಯಾಹ್ನ ಅದನ್ನ ತರೋಕೆ ತರೀಕೆರೆಗೆ ಹೋದೆ. ಹಿಂದಿನ ಕೋಣೇಲಿ ಗೋಣಿಚೀಲ ಹೊದ್ದುಕೊಂಡು ನಿಂತಿತ್ತು. ಮೈತುಂಬ ಹಿಟ್ಟು. ಪಂಚೆಯ ತುದಿಯಲ್ಲಿ ಒರೆಸಿದೆ, ಪಟ್ಟಿ ತಂತಿ ಕಟ್ಟಿದ ದಿನದ ಹಾಗೇ ನುಣ್ಣಗಿತ್ತು. ಜಗಲಿಗೆ ತಂದು, ಬಿರಟೆ ತಿರುವಿ, ದಪ್ಪ ತಂತಿ ಮೀಟಿ ನೋಡಿದೆ. ಬಾಕ್ಸಿಲ್ಲ, ಕರೆಂಟಿಲ್ಲ, ಪಕ್ಕದಲ್ಲಿ ಕೂತವರಿಗೂ ಸರಿಯಾಗಿ ಕೇಳದಷ್ಟು ಸದ್ದು.

ಭಾವ ನನ್ನ ಬೆರಳನ್ನೇ ನೋಡುತ್ತಿದ್ದರು. ಎದ್ದು ಬಂದು ಪಕ್ಕದಲ್ಲಿ ಕೂತು ಗಿಟಾರಿನ ಮರದ ಮೇಲೆ ಅಂಗೈ ಇಟ್ಟರು. ನಾನು ಮತ್ತೆ ಮೀಟಿದೆ. ಅವರು ಬಗ್ಗಿ ದವಡೆಯನ್ನ ಮರಕ್ಕೆ ಒತ್ತಿದರು. ಇನ್ನೊಂದು ಸಲ ಮೀಟಿದೆ. ಹಾಗೇ ಬಗ್ಗಿಕೊಂಡು, ಹಾಡೋಕೆ ಶುರು ಮಾಡಿದರು.

ಧ್ವನಿ ಒಡೆದಿತ್ತು, ಉಸಿರು ಸಾಲುತ್ತಿರಲಿಲ್ಲ. ಶ್ರುತಿ ಮಾತ್ರ ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿತ್ತು. ಅಕ್ಕ ಒಳಗಿಂದ ಬಂದು ಬಾಗಿಲ ಹತ್ತಿರ ನಿಂತಳು. ಒಂದು ಚರಣ ಮುಗಿಸಿ ಭಾವ ತಲೆಯೆತ್ತಿ, ಕಿವುಡರು ಮಾತಾಡೋ ಹಾಗೆ ಜೋರಾಗಿ, "ಸರಿಯಿತ್ತೇನೋ?" ಅಂತ ಕೇಳಿದರು. ನಾನು ಹೌದು ಅಂತ ತಲೆಯಾಡಿಸಿದೆ.

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದು ನನ್ನ ಮುಂದೆ ಕೂತಳು. ಆ ಹುಣಸೆಹಣ್ಣಿನ ದಿನದಿಂದ ಅವಳು ಗಿಟಾರಿಗೆ ಕೈ ಹಚ್ಚಿರಲಿಲ್ಲ. "ಅದನ್ನ ಹೆಂಗೆ ಹೊಡೆಯೋದು, ನಂಗೂ ತೋರಿಸ್ಕೊಡು," ಅಂದಳು.

ಭಾವನ ಶ್ರುತಿಗೆ ದಪ್ಪ ತಂತಿ ಕೂರಿಸಿ, ಬಿರಟೆ ಮಾತ್ರ ಮುಟ್ಟಬೇಡ ಅಂತ ಹೇಳಿ, ಅವಳ ತೋರುಬೆರಳು ಹಿಡಿದು ಮೀಟಿಸಿದೆ. ಬಳೆ ತಾಗಿ ಕಟಕಟ ಅಂತು. ಬಳೆಯನ್ನ ಮೊಣಕೈವರೆಗೆ ಏರಿಸಿಕೊಂಡಳು.

"ಇದು ಹಾಳಾದ್ರೆ ಏನೋ ಮಾಡ್ಲಿ?" ಅಂದಳು.

"ಆಗಲ್ಲ ಕಣೇ ಅಕ್ಕ. ನೀನು ತೊಳೀದಿದ್ರೆ ಸಾಕು."

ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಬೀರೂರಿನ ಹುಡುಗರಿಗೆ ಏನಾದರೂ ಒಂದು ಹೇಳಿದರಾಯಿತು ಅಂತ ನಾನು ಬರಿಗೈಲಿ ಹೊರಟೆ. ಆ ಹೊತ್ತಿಗೆ ನಿಲ್ಲಿಸಿದ್ದ ಪಕ್ಕದ ಮಿಷನ್ ದಾಟುವಷ್ಟರಲ್ಲಿ ಹಿಂದಿನಿಂದ ಭಾವನ ಧ್ವನಿ ಬಂತು. ತಂತಿಯ ಸದ್ದು ಅಷ್ಟು ದೂರ ಬರೋದಿಲ್ಲ. ಆದರೆ ಧ್ವನಿ ನಡುನಡುವೆ ನಿಂತು ಕಾಯುತ್ತಿತ್ತು, ಆಮೇಲೆ ಸರಿಯಾದ ಜಾಗದಿಂದಲೇ ಏಳುತ್ತಿತ್ತು. ಕಡೂರಿನ ಬಸ್ಸಿಗೆ ಹೊತ್ತಾಗಿತ್ತು. ಹೋದರೆ ಹೋಗಲಿ ಅಂತ ಮಿಷನ್ನಿನ ಮೆಟ್ಟಿಲ ಮೇಲೆ ಕೂತುಕೊಂಡೆ.