ತಿಪ್ಪಿಯೊಳಗಿನ ದಾರ

ಮೊನ್ನೆ ಶೇಂಗಾ ಉಂಡಿಗೆ ಇಟ್ಟ ಬೆಲ್ಲದ ಪಾಕ ಸೀದಿತು. ಆ ವಾಸನಿಗೆ ನಮ್ಮ ಬಾಡಿಗಿ ಮಾಸ್ತರು ನೆನಪಾದರು...

ಕುಷ್ಟಗಿ ಕಾಲೇಜಿನ್ಯಾಗ ವಿಜ್ಞಾನ ಹೇಳತಿದ್ದರು. ನಮ್ಮ ಹಿತ್ತಲ ಖೋಲಿಯೊಳಗ ಇದ್ದರು. ಅವರು ಬಂದ ವರ್ಷನ ನನ್ನ ಎಮ್ಮಿ ಸತ್ತಿತು. ದನದ ಡಾಕ್ಟರು ಹೊಟ್ಟಿ ಕೊಯ್ದರ ಬುಟ್ಟಿ ತುಂಬ ಪ್ಲಾಸ್ಟಿಕ್ ಚೀಲ. ಅವತ್ತಿನಿಂದ ದಿನಾ ಮುಂಜಾನೆ ಸಗಣಿ ತಿಪ್ಪಿ ಕೆದರಿ, ಪ್ಲಾಸ್ಟಿಕ್ ಚೂರು ಆರಿಸಿ ನೀರೊಲಿಗೆ ಹಾಕೋದು ನನ್ನ ಚಾಳಿ ಆತು.

ಅದನ್ನ ಕಂಡು ಮಾಸ್ತರು, "ಅವ್ವಾರ, ಸಕ್ಕರಿಯಿಂದ ಪ್ಲಾಸ್ಟಿಕ್ ಮಾಡಾಕತ್ತೇನ್ರಿ. ಮಣ್ಣಾಗ ಹಾಕಿದ್ರ ಕೊಳಿತೈತಿ" ಅಂದರು.

"ಇರುವಿಗೆ ಹಬ್ಬ ಆತ ಬಿಡ್ರಿ," ಅಂದೆ.

ನಕ್ಕರು. ಸಕ್ಕರಿಯ ಸಣ್ಣ ಸಣ್ಣ ಕಣ ಒಂದಕ್ಕೊಂದು ಕೂಡಿಸಿದರ ಉದ್ದನ ಸರಪಳಿ ಆಗತೈತಂತ. ಆಮ್ಯಾಲೆ ಅದು ಸಿಹಿ ಇರಂಗಿಲ್ಲಂತ. ಕಣ್ಣಿಗೆ ಕಾಣದ ಹುಳ ಆ ಸರಪಳಿ ಬಿಚ್ಚಿ ತಿಂತಾವಂತ. ಅರ್ಧ ತಿಳೀತು, ಅರ್ಧ ನಂಬಲಿಲ್ಲ.

ಒಂದಿನ ತಿಪ್ಪಿಯೊಳಗ ತೆಳ್ಳನ ಪ್ಲಾಸ್ಟಿಕ್ ಹಾಳಿ ಸಿಕ್ಕಿತು. ಒಲಿಗೆ ಒಗದೆ. ಸೀದ ಬೆಲ್ಲದ ವಾಸನಿ ಎದ್ದಿತು. ಮಾಸ್ತರು ಓಡಿ ಬಂದರು. ಅದು ಅವರು ಮಾಡಿದ ಹಾಳಿ! ಕೊಳಿತೈತೋ ಇಲ್ಲೋ ನೋಡಾಕ ನನಗ ಹೇಳದ ಹುಗಿದಿದ್ದರು.

"ಒಂದ ಮಾತು ಹೇಳಬಾರದೇನ್ರಿ? ತಿಪ್ಪಿ ನಂದಲ್ಲೇನು?" ನಾನ ಬೈದೆ.

ಒಲಿ ಮುಂದ ಕುಂತು, "ತಪ್ಪು ನಂದ ಐತ್ರಿ," ಅಂದರು.

ಮತ್ತೊಂದು ಹಾಳಿ ಮಾಡಾಕ ಆರು ತಿಂಗಳ ಹಿಡೀತು. ಈ ಸಲ ಅದಕ್ಕ ನೈಲಾನ್ ದಾರ ಕಟ್ಟಿ ಹುಗಿದರು, ದಾರದ ತುದಿ ಹೊರಗ ಗೂಟಕ್ಕ ಬಿಗಿದರು. "ಮಳಿಗಾಲ ಮುಗಿಯೂತನ ಮುಟ್ಟಬ್ಯಾಡ್ರಿ ಅವ್ವಾರ." ಮುಟ್ಟಲಿಲ್ಲ. ಕೆದರಾಕ ಬಂದ ಕೋಳಿಗೂ ಕಲ್ಲು ಒಗದೆ.

ಮಳಿ ಮುಗಿಯೋದರೊಳಗ ಮಾಸ್ತರ ತೀರಿದರು. ರಜಾಕ್ಕ ಊರಿಗೆ ಹೋದವರಿಗೆ ಎದಿನೋವು ಬಂತಂತ... ಅವರಣ್ಣ ಬಂದು ಖೋಲಿ ಖಾಲಿ ಮಾಡಿದ.

ಮಳಿ ನಿಂತ ಮ್ಯಾಲೆ ನಾನ ದಾರ ಜಗ್ಗಿದೆ. ಬರೇ ದಾರ ಬಂತು. ಕಟ್ಟಿದ ಕುಣಿಕಿ ಹಂಗ ಇತ್ತು, ಒಳಗ ಏನೂ ಇರಲಿಲ್ಲ. ಸುತ್ತ ಕೆದರಿದೆ, ಬರೇ ಗೊಬ್ಬರ. ದಾರ ಒಯ್ದು ಕಾಲೇಜಿನ್ಯಾಗ ಅವರ ಕೂಡ ಕೆಲಸ ಮಾಡತಿದ್ದ ಹುಡುಗಿ ಕೈಯಾಗ ಇಟ್ಟೆ.

"ಕೊಳಿತವ್ವಾ," ಅಂದೆ.

ಅಕಿ ಅತ್ತಳು. ನಾ ಅಳಲಿಲ್ಲ, ಎಮ್ಮಿಗೂ ಅತ್ತಿರಲಿಲ್ಲ.

ಈಗ ಅಕೀನ ಅಲ್ಲಿ ಪಾಠ ಹೇಳತಾಳ. ಆ ಹಾಳಿಯ ಚೀಲದಾಗ ದಾಳಿಂಬ್ರಿ ಸಸಿ ಬೆಳಸತಾಳ. ನಿನ್ನೆ ಒಂದು ತಂದುಕೊಟ್ಟಳು. ಸಸಿ ಹಚ್ಚೂಮುಂದ ಚೀಲ ಹರಿಯೋದು ನಮ್ಮ ಕೈಗೆ ರೂಢಿ. ಹರಿಯಾಕ ಹೋಗಿ ತಡದೆ. ಚೀಲದ ಸಮೇತ ಮಣ್ಣು ಮುಚ್ಚಿದೆ. ಗೂಟ ಹೊಡೀಲಿಲ್ಲ, ದಾರ ಕಟ್ಟಲಿಲ್ಲ. ಇನ್ನೇನು ನೋಡೋದೈತಿ? ಹೇಳೂಣಂದ್ರ ಮಾಸ್ತರಿಲ್ಲ, ಅಷ್ಟ...